ಆಲ್ ಅಲಾಂಗ್ ದಿ ವಾಚ್‌ಟವರ್: ಯಾರು ಹಾಡಿದ್ದನ್ನು ಮೊದಲು ಕೇಳಬೇಕು?

ಈ ಹಾಡಿನಲ್ಲಿ ಇರುವುದು ನಾಲ್ಕು ನಾಲ್ಕು ಸಾಲಿನ ಮೂರು ಚರಣ, ಅಷ್ಟೇ. ಪಲ್ಲವಿ ಇಲ್ಲ. ಮತ್ತೆ ಮತ್ತೆ ಬರುವ ಸಾಲೂ ಇಲ್ಲ. ಗಿಟಾರ್ ಹಿಡಿದವರಿಗೆ ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಗೊತ್ತಿದ್ದರೆ ಸಾಕು. ಇದನ್ನು ಬರೆದ ಅಮೆರಿಕದ ಗಾಯಕ ಬಾಬ್ ಡಿಲನ್ 1967ರಲ್ಲಿ ಸುಮಾರು ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಿದರು. ಇಷ್ಟು ಸಣ್ಣ ಹಾಡನ್ನು ಅಲ್ಲಿಂದೀಚೆಗೆ ಎಷ್ಟೋ ಜನ ಎತ್ತಿಕೊಂಡು ತಮ್ಮದು ಮಾಡಿಕೊಂಡಿದ್ದಾರೆ. ಹೊಸದಾಗಿ ಕೇಳಲು ಹೊರಟವರು ಹುಡುಕಿದರೆ ಸಾಲು ಸಾಲಾಗಿ ಹೆಸರುಗಳು ಬರುತ್ತವೆ. ಎಲ್ಲಿಂದ ಶುರು ಮಾಡಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂದು ತಿಳಿಯುವುದು ಕಷ್ಟ. ನಾನು ಇದನ್ನು ಇಪ್ಪತ್ತು ವರ್ಷದಿಂದ ಕೇಳುತ್ತಾ ಬಂದಿದ್ದೇನೆ. ಯಾರಿಗೆ ಯಾವುದು ಹೊಂದುತ್ತದೆ ಎಂದು ಹೇಳಬಲ್ಲೆ ಅನ್ನಿಸಿದೆ.

ಆಯ್ಕೆಗೆ ಮೊದಲು ಹಾಡಿನೊಳಗೆ ಏನಿದೆ ನೋಡೋಣ. ಇದು ಗೊತ್ತಿಲ್ಲದೆ ಹೋಲಿಸಿದರೆ ಸುಮ್ನೆ ಗಿಟಾರ್ ಸದ್ದು ಹೋಲಿಸಿದ ಹಾಗಾಗುತ್ತದೆ.

ಮೊದಲ ಚರಣದಲ್ಲಿ ಒಬ್ಬ ಕೋಡಂಗಿ ಒಬ್ಬ ಕಳ್ಳನ ಹತ್ತಿರ ತನ್ನ ಗೋಳು ತೋಡಿಕೊಳ್ಳುತ್ತಾನೆ. ತನ್ನದನ್ನೆಲ್ಲ ಬೇರೆಯವರು ತಿಂದು ತೇಗುತ್ತಿದ್ದಾರೆ, ಇಲ್ಲಿಂದ ಹೊರಗೆ ಹೋದರೆ ಸಾಕಾಗಿದೆ ಎಂಬ ಸಂಕಟ ಅವನದು. ಎರಡನೇ ಚರಣದಲ್ಲಿ ಕಳ್ಳ ಅವನನ್ನು ಸಮಾಧಾನ ಮಾಡುತ್ತಾನೆ. ನಾವಿಬ್ಬರೂ ಇದನ್ನೆಲ್ಲ ದಾಟಿ ಬಂದವರು, ಈಗ ಹೊತ್ತಾಯಿತು ಎಂಬ ಧಾಟಿಯ ಮಾತು. ಮೂರನೇ ಚರಣಕ್ಕೆ ಬಂದರೆ ಇಬ್ಬರೂ ಕಾಣುವುದಿಲ್ಲ. ಒಂದು ಕೋಟೆ. ಬತೇರಿಯ, ಅಂದರೆ ಹೆಸರಿನಲ್ಲಿರುವ ವಾಚ್‌ಟವರ್‌ನ, ಮೇಲೆ ಕಾವಲು ನಿಂತ ರಾಜಕುಮಾರರು. ಬಂದು ಹೋಗುವ ಹೆಂಗಸರು, ಆಳುಗಳು. ದೂರದಲ್ಲಿ ಕಾಡುಬೆಕ್ಕು ಗುರುಗುಡುತ್ತದೆ. ಇಬ್ಬರು ಕುದುರೆ ಸವಾರರು ಹತ್ತಿರ ಬರುತ್ತಿದ್ದಾರೆ. ಗಾಳಿ ಏಳುತ್ತದೆ. ಹಾಡು ಮುಗಿಯುತ್ತದೆ.

ಆ ಸವಾರರು ಯಾರು? ಕೋಡಂಗಿ ಮತ್ತು ಕಳ್ಳನೇ ಇರಬೇಕು ಎಂದು ನನಗನ್ನಿಸುತ್ತದೆ. ಹಾಗಾದರೆ ಕೊನೆಯ ಚರಣವೇ ಕಥೆಯ ಮೊದಲು, ಅಲ್ವಾ? ಈ ಹಾಡಿನಲ್ಲಿ ನಡೆದದ್ದು ಹಿಂದುಮುಂದಾಗಿ ಬರುತ್ತದೆ ಎಂದು ಡಿಲನ್ ಅವರೇ 1968ರ ಒಂದು ಸಂದರ್ಶನದಲ್ಲಿ ಹೇಳಿದ್ದರು. ಬೈಬಲಿನ ಯೆಶಾಯನ ಪುಸ್ತಕದ 21ನೇ ಅಧ್ಯಾಯವನ್ನು ಓದಿದವರಿಗೆ ಈ ಚಿತ್ರ ಪರಿಚಯದ್ದೇ. ಅಲ್ಲೂ ಕಾವಲುಗಾರ ನಿಂತಿರುತ್ತಾನೆ. ಜೋಡಿ ಸವಾರರು ಬರುವುದು ಕಾಣುತ್ತದೆ. ಬ್ಯಾಬಿಲೋನ್ ಬಿತ್ತು ಎಂಬ ಸುದ್ದಿ ಬರುತ್ತದೆ. ಡಿಲನ್ ಆ ಸುದ್ದಿಯನ್ನು ಹೇಳುವುದಿಲ್ಲ. ಗಾಳಿ ಎದ್ದಲ್ಲಿಗೆ ನಿಲ್ಲಿಸಿಬಿಡುತ್ತಾರೆ.

ಎದ್ದ ಆ ಗಾಳಿಯನ್ನು ಏನು ಮಾಡುವುದು? ಈ ಹಾಡನ್ನು ಮುಟ್ಟಿದ ಪ್ರತಿಯೊಬ್ಬರೂ ಇದಕ್ಕೆ ತಮ್ಮ ಉತ್ತರ ಕೊಟ್ಟಿದ್ದಾರೆ. ನಾನು ಅಳೆಯುವುದೂ ಅದರಿಂದಲೇ.

ಡಿಲನ್, 1967: ಮಾತು ಕೇಳಬೇಕು ಎನ್ನುವವರಿಗೆ

ಡಿಲನ್ 1966ರ ಜುಲೈನಲ್ಲಿ ವುಡ್‌ಸ್ಟಾಕ್ ಹತ್ತಿರ ಮೋಟಾರ್‌ಸೈಕಲ್‌ನಿಂದ ಬಿದ್ದರು. ಆಮೇಲೆ ಬಹಳ ಕಾಲ ಕಛೇರಿ, ಪ್ರವಾಸ ಎಲ್ಲ ಬಿಟ್ಟು ಮನೆಯಲ್ಲಿದ್ದರು. 1967 ಎಂದರೆ ರಾಕ್ ಸಂಗೀತದಲ್ಲಿ ಸ್ಟುಡಿಯೊದ ಸದ್ದುಗಳನ್ನು ಪದರ ಪದರವಾಗಿ ಪೇರಿಸುತ್ತಿದ್ದ ವರ್ಷ. ಬೀಟಲ್ಸ್ ತಂಡದ ಸಾರ್ಜೆಂಟ್ ಪೆಪ್ಪರ್ ಬಂದದ್ದೂ ಆ ವರ್ಷವೇ. ಅಂಥ ಹೊತ್ತಿನಲ್ಲಿ ಡಿಲನ್ ನ್ಯಾಶ್‌ವಿಲ್‌ಗೆ ಹೋಗಿ, ನವೆಂಬರ್ 6ರಂದು, ಈ ಹಾಡನ್ನು ಮೂರೇ ಜನ ಸೇರಿ ರೆಕಾರ್ಡ್ ಮಾಡಿದರು. ಗಿಟಾರ್ ಮತ್ತು ಹಾರ್ಮೋನಿಕ ಅವರದು. ಬೇಸ್ ಗಿಟಾರ್ ಚಾರ್ಲಿ ಮೆಕಾಯ್, ಡ್ರಮ್ಸ್ ಕೆನೆತ್ ಬಟ್ರಿ. ಡಿಸೆಂಬರ್ 27ಕ್ಕೆ ಜಾನ್ ವೆಸ್ಲಿ ಹಾರ್ಡಿಂಗ್ ಎಂಬ ಆಲ್ಬಮ್‌ನಲ್ಲಿ ಹೊರಬಂತು.

ಇಲ್ಲಿ ಗಾಳಿ ಬಾಗಿಲ ಹೊರಗೇ ಇದೆ. ಡಿಲನ್ ದನಿ ಏರುವುದಿಲ್ಲ. ಹಳ್ಳಿಯ ಕಟ್ಟೆಯ ಮೇಲೆ ಕುಳಿತ ಮುದುಕ ಕೆಟ್ಟ ಸುದ್ದಿ ತಿಳಿಸುವ ಹಾಗೆ, ಎಲ್ಲ ಸಾಲನ್ನೂ ಒಂದೇ ಮಟ್ಟದಲ್ಲಿ ಹೇಳುತ್ತಾರೆ. ಚರಣಗಳ ನಡುವೆ ಹಾರ್ಮೋನಿಕ ಮಾತ್ರ ಸ್ವಲ್ಪ ಕೂಗುತ್ತದೆ. ಆ ಕೂಗೇ ಸಾಕು. ಕೊನೆಯ ಸಾಲು ಮುಗಿದಾಗ ಏನೋ ಆಗಲಿದೆ ಅಂತ ಕಾಯುತ್ತೀರಿ. ಹಾರ್ಮೋನಿಕ ಒಂದಿಷ್ಟು ನುಡಿದು ಹಾಡು ಕರಗುತ್ತದೆ. ಏನೂ ಆಗುವುದಿಲ್ಲ. ಆ ಆಗದಿರುವುದೇ ಹೆದರಿಕೆ ಹುಟ್ಟಿಸುತ್ತದೆ.

ನನ್ನ ಅಮ್ಮನಿಗೆ ಇಂಗ್ಲಿಷ್ ಹಾಡಿನ ಅಭ್ಯಾಸ ಇಲ್ಲ. ಒಮ್ಮೆ ಅಡುಗೆಮನೆಯಲ್ಲಿ ಇದು ಕೇಳಿ, 'ಇವನು ಹಾಡ್ತಿದ್ದಾನೋ, ಕಥೆ ಹೇಳ್ತಿದ್ದಾನೋ?' ಎಂದು ಕೇಳಿದ್ದಳು. ಈ ರೆಕಾರ್ಡಿಂಗ್ ಬಗ್ಗೆ ಅದಕ್ಕಿಂತ ಸರಿಯಾದ ಮಾತನ್ನು ನಾನು ಎಲ್ಲೂ ಓದಿಲ್ಲ. ಕವಿತೆ, ಕಥೆ, ಪದಗಳ ರುಚಿ ಇರುವವರು ಇದನ್ನೇ ಆರಿಸಿಕೊಳ್ಳಿ. 2016ರಲ್ಲಿ ಸಾಹಿತ್ಯದ ನೊಬೆಲ್ ಈ ಮನುಷ್ಯನಿಗೆ ಯಾಕೆ ಬಂತು ಎಂದು ಕೇಳುವವರಿಗೂ ನಾನು ಮೊದಲು ಹಾಕಿ ಕೇಳಿಸುವುದು ಈ ಎರಡೂವರೆ ನಿಮಿಷವನ್ನೇ.

ಹೆಂಡ್ರಿಕ್ಸ್, 1968: ಗಾಳಿ ಒಳಗೆ ಬಂದಾಗ

ಡಿಲನ್ ಆಲ್ಬಮ್ ಬಂದು ನಾಲ್ಕು ವಾರ ಕೂಡ ಆಗಿರಲಿಲ್ಲ. 1968ರ ಜನವರಿ 21ರಂದು ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಲಂಡನ್ನಿನ ಒಲಿಂಪಿಕ್ ಸ್ಟುಡಿಯೊದಲ್ಲಿ ಈ ಹಾಡಿಗೆ ಕೂತರು. ರೆಕಾರ್ಡಿಂಗ್ ನೋಡಿಕೊಂಡವರು ಎಡ್ಡಿ ಕ್ರೇಮರ್. ಡ್ರಮ್ಸ್ ಮಿಚ್ ಮಿಚೆಲ್. ಟ್ರಾಫಿಕ್ ತಂಡದ ಡೇವ್ ಮೇಸನ್ 12 ತಂತಿಯ ಅಕೌಸ್ಟಿಕ್ ಗಿಟಾರ್ ಹಿಡಿದರು. ಹೆಂಡ್ರಿಕ್ಸ್ ತಂಡದ ಬೇಸ್ ವಾದಕ ನೋಯೆಲ್ ರೆಡಿಂಗ್ ಬೇಸತ್ತು ನಡುವೆ ಎದ್ದು ಹೋದರು. ಕೊನೆಗೆ ಬೇಸ್ ಕೂಡ ಹೆಂಡ್ರಿಕ್ಸ್ ಅವರೇ ನುಡಿಸಿದರು. ರೋಲಿಂಗ್ ಸ್ಟೋನ್ಸ್‌ನ ಬ್ರಿಯಾನ್ ಜೋನ್ಸ್ ಕೂಡ ಅಲ್ಲಿದ್ದರು. ಹಾಡಿನ ಶುರುವಿನಲ್ಲಿ ಒಣಗಿದ ಕಾಯಿಯೊಳಗೆ ಬೀಜ ಅಲುಗಿದ ಹಾಗೆ ಕರ್‌ರ್ ಎಂಬ ಸದ್ದು ಬರುತ್ತದಲ್ಲ, ಅದು ಅವರು ಬಾರಿಸಿದ ವೈಬ್ರಾಸ್ಲ್ಯಾಪ್ ಎಂಬ ತಾಳವಾದ್ಯ. ಆಮೇಲೆ ಹೆಂಡ್ರಿಕ್ಸ್ ಆ ಟೇಪನ್ನು ನ್ಯೂಯಾರ್ಕಿನ ರೆಕಾರ್ಡ್ ಪ್ಲಾಂಟ್ ಸ್ಟುಡಿಯೊಗೆ ತೆಗೆದುಕೊಂಡು ಹೋಗಿ, ಬೇಸಿಗೆಯಲ್ಲಿ ಗಿಟಾರಿನ ಮೇಲೆ ಗಿಟಾರ್ ಸೇರಿಸುತ್ತಾ ಹೋದರು. ಸೆಪ್ಟೆಂಬರ್‌ನಲ್ಲಿ ಸಿಂಗಲ್ ಆಗಿ ಬಂತು, ಅಕ್ಟೋಬರ್‌ನಲ್ಲಿ ಎಲೆಕ್ಟ್ರಿಕ್ ಲೇಡಿಲ್ಯಾಂಡ್ ಆಲ್ಬಮ್‌ನಲ್ಲಿ. ಬ್ರಿಟನ್ನಿನ ಪಟ್ಟಿಯಲ್ಲಿ 5ನೇ ಸ್ಥಾನ, ಅಮೆರಿಕದಲ್ಲಿ 20. ಅಮೆರಿಕದಲ್ಲಿ ಅವರ ಯಾವ ಸಿಂಗಲ್ಲೂ ಅದಕ್ಕಿಂತ ಮೇಲೆ ಹೋಗಲಿಲ್ಲ.

ನಾಲ್ಕು ನಿಮಿಷದ ಹಾಡು. ಆದರೆ ಅದರೊಳಗೆ ಒಂದು ಇಡೀ ರಾತ್ರಿ ಇದೆ. ಎರಡನೇ ಚರಣ ಮುಗಿದ ಮೇಲೆ ಬರುವ ಗಿಟಾರ್ ಭಾಗವನ್ನು ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ನಿಧಾನವಾಗಿ ಕೇಳಿ. ಅದು ಒಂದು ಸೋಲೊ ಅಲ್ಲ, ನಾಲ್ಕು. ಮೊದಲು ನೇರವಾಗಿ ಮಾತಾಡುವ ಗಿಟಾರ್. ಆಮೇಲೆ ಸ್ಲೈಡ್. ತಂತಿಯ ಮೇಲೆ ಜಾರುತ್ತಾ, ನೀರಿನೊಳಗಿಂದ ಬಂದ ಹಾಗೆ ಕೇಳುತ್ತದೆ. ಸಿಗರೇಟ್ ಲೈಟರನ್ನೇ ತಂತಿಗೆ ಒತ್ತಿ ನುಡಿಸಿದರು ಎಂದು ಹೇಳುತ್ತಾರೆ. ಮೂರನೆಯದು ವಾ-ವಾ ಪೆಡಲ್, ಗಿಟಾರ್ ಬಾಯಿ ತೆರೆದು ಮುಚ್ಚಿದ ಹಾಗೆ. ನಾಲ್ಕನೆಯದರಲ್ಲಿ ಕಾರ್ಡ್‌ಗಳೇ ಅಲೆಯಾಗಿ ಬಂದು ಬಡಿಯುತ್ತವೆ. ಅಲ್ಲಿಂದ ನೇರ ಮೂರನೇ ಚರಣಕ್ಕೆ, ಅಂದರೆ ಬತೇರಿಯ ಮೇಲಕ್ಕೆ. ಸವಾರರು ದಾರಿಯಲ್ಲಿ ಕಳೆದ ಹೊತ್ತು ಆ ನಾಲ್ಕು ತುಂಡುಗಳಲ್ಲಿದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಡಿಲನ್ ಬರೆಯದೆ ಬಿಟ್ಟ ಚರಣವನ್ನು ಹೆಂಡ್ರಿಕ್ಸ್ ಕೈಯಿಂದ ಬರೆದರು.

ಕೊನೆಯಲ್ಲಿ ಗಾಳಿಯ ಸಾಲು ಬಂದಾಗ ಹೆಂಡ್ರಿಕ್ಸ್ ನಿಲ್ಲಿಸುವುದಿಲ್ಲ. ಗಿಟಾರ್ ಮೇಲಿನ ಸ್ಥಾಯಿಗೆ ಹೋಗಿ ಅಲ್ಲೇ ಕಿರುಚುತ್ತಾ ಇರುತ್ತದೆ. ಕೇಳುವವರ ಕಿವಿಯಿಂದ ಹಾಡು ದೂರ ಹೋಗುತ್ತದೆ, ಆದರೆ ಗಾಳಿ ನಿಂತಿಲ್ಲ ಎಂದು ಗೊತ್ತಾಗುತ್ತದೆ.

ಶಾಸ್ತ್ರೀಯ ಸಂಗೀತದ ಕಿವಿ ಇರುವವರಿಗೆ ಒಂದು ಮಾತು. ಹೆಂಡ್ರಿಕ್ಸ್ ಇಲ್ಲಿ ಹೆಚ್ಚಾಗಿ ಸುತ್ತಾಡುವುದು ಐದು ಸ್ವರಗಳ ಒಂದು ಗುಂಪಿನಲ್ಲಿ. ಸ ಗ ಮ ಪ ನಿ, ನಮ್ಮ ಶುದ್ಧ ಧನ್ಯಾಸಿಯದೇ ಸ್ವರಗಳು. ಹಿಂದೂಸ್ತಾನಿಯಲ್ಲಿ ಧಾನಿ. ಕೆಳಗಿನ ಕಾರ್ಡ್‌ಗಳನ್ನೂ ಸೇರಿಸಿಕೊಂಡರೆ ನಠಭೈರವಿಯ ಸ್ವರಗಳು. ರಾಗ ಅಂತ ಕರೆಯಲು ಆಗದು, ಗಮಕದ ರೀತಿಯೇ ಬೇರೆ. ಆದರೂ ಈ ಹಾಡು ಮೊದಲ ಸಲಕ್ಕೇ ಹತ್ತಿರದ್ದು ಅನ್ನಿಸಿದರೆ ಅದಕ್ಕೆ ಇದೂ ಒಂದು ಕಾರಣ ಇರಬಹುದು.

ಹಾಗಾದರೆ ಮೊದಲು ಯಾವುದು?

ಡಿಲನ್. ಇದರಲ್ಲಿ ನನಗೆ ಎರಡು ಮಾತಿಲ್ಲ.

ನಾನು ಕೇಳಿದ್ದು ಉಲ್ಟಾ ಕ್ರಮದಲ್ಲಿ. ಕಾಲೇಜಿನಲ್ಲಿ ಗೆಳೆಯನ ಕ್ಯಾಸೆಟ್‌ನಲ್ಲಿ ಹೆಂಡ್ರಿಕ್ಸ್ ಸಿಕ್ಕಿದರು. ಅದು ಅವರದೇ ಹಾಡು ಎಂದುಕೊಂಡಿದ್ದೆ. ಎರಡು ವರ್ಷದ ಮೇಲೆ ಡಿಲನ್ ಹಾಡಿದ್ದು ಕೇಳಿದಾಗ ಖಾಲಿ ಮನೆ ನೋಡಿದ ಹಾಗಾಯಿತು. ಪೀಠೋಪಕರಣ ಎಲ್ಲ ಸಾಗಿಸಿದ ಮೇಲೆ ಉಳಿದ ಗೋಡೆಗಳು. ಅದು ಖಾಲಿ ಅಲ್ಲ, ಹಾಗೇ ಕಟ್ಟಿದ್ದು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ನೀವು ಆ ವರ್ಷಗಳನ್ನು ಕಳೆದುಕೊಳ್ಳಬೇಡಿ. ಒಂದು ಸಂಜೆ, ಮನೆ ಸದ್ದಿಲ್ಲದಿರುವಾಗ, ಪದಗಳನ್ನು ಎದುರಿಗಿಟ್ಟುಕೊಂಡು ಡಿಲನ್ ಕೇಳಿ. ಎರಡು ಸಲ. ಆಮೇಲೆ ಹೆಂಡ್ರಿಕ್ಸ್ ಹಾಕಿ, ಸದ್ದು ಜಾಸ್ತಿ ಮಾಡಿ. ಗಾಳಿ ಎಲ್ಲಿಂದ ಎದ್ದಿತು ಎಂದು ಆಗ ತಿಳಿಯುತ್ತದೆ.

ಒಂದೇ ದಿನ ಹತ್ತು ಜನರದ್ದು ಕೇಳುವುದು ಬೇಡ. ಭಾಗ್ಯದ ಲಕ್ಷ್ಮಿ ಬಾರಮ್ಮ ಎಂದರೆ ಒಬ್ಬರಿಗೆ ಭೀಮಸೇನ ಜೋಶಿ ಅವರ ದನಿ, ಇನ್ನೊಬ್ಬರಿಗೆ ಅಜ್ಜಿ ಪೂಜೆಯ ಹೊತ್ತಿಗೆ ಮಧ್ಯಮಾವತಿಯಲ್ಲಿ ಹೇಳುತ್ತಿದ್ದದ್ದು. ಎರಡೂ ಮನಸ್ಸಿನಲ್ಲಿ ಊರಲು ಸಮಯ ಸಿಕ್ಕಿತ್ತು, ಅದಕ್ಕೇ ಎರಡೂ ಉಳಿದವು. ಈ ಹಾಡಿಗೂ ಅಷ್ಟು ಹೊತ್ತು ಕೊಡಿ.

ಡಿಲನ್ ಮತ್ತೆ ಡಿಲನ್

ಹೆಂಡ್ರಿಕ್ಸ್ 1970ರ ಸೆಪ್ಟೆಂಬರ್ 18ರಂದು ಲಂಡನ್ನಿನಲ್ಲಿ ತೀರಿಕೊಂಡರು. ವಯಸ್ಸು 27. ಡಿಲನ್ ಈ ಹಾಡನ್ನು ಮೊದಲ ಸಲ ವೇದಿಕೆಯಲ್ಲಿ ಹಾಡಿದ್ದು 1974ರ ಜನವರಿಯಲ್ಲಿ, ಷಿಕಾಗೊದಲ್ಲಿ. ಆಗ ಅವರು ಹಾಡಿದ್ದು ತಮ್ಮ ಹಳೆಯ ರೀತಿಯಲ್ಲಲ್ಲ, ಹೆಂಡ್ರಿಕ್ಸ್ ರೀತಿಯಲ್ಲಿ. ಹೆಂಡ್ರಿಕ್ಸ್ ಸತ್ತ ಮೇಲೆ ನಾನು ಇದನ್ನು ಹಾಗೆಯೇ ನುಡಿಸುತ್ತಾ ಬಂದಿದ್ದೇನೆ ಎಂಬ ಅರ್ಥದ ಮಾತನ್ನು ಡಿಲನ್ ಮುಂದೆ ಹೇಳಿದರು. ಹಾಡು ಬರೆದವನೇ ಇನ್ನೊಬ್ಬ ಹಾಡಿದ್ದನ್ನು ಅನುಸರಿಸುವುದು ಎಷ್ಟು ದೊಡ್ಡ ಗುಣ! ಅಲ್ಲಿಂದ ಅವರು ಇದನ್ನು 2,000ಕ್ಕೂ ಹೆಚ್ಚು ಸಲ ವೇದಿಕೆಯಲ್ಲಿ ಹಾಡಿದ್ದಾರೆ. ಅವರು ಅತಿ ಹೆಚ್ಚು ಸಲ ವೇದಿಕೆಯಲ್ಲಿ ಹಾಡಿದ ಹಾಡು ಇದೇ.

ಇದರಲ್ಲಿ ಆರಿಸಬೇಕಾದರೆ ಎರಡು ಸಾಕು. ಒಂದು, 1974ರ ಬಿಫೋರ್ ದಿ ಫ್ಲಡ್ ಆಲ್ಬಮ್‌ನದು. ದಿ ಬ್ಯಾಂಡ್ ತಂಡ ಹಿಂದೆ ಇದೆ, ರಾಬಿ ರಾಬರ್ಟ್‌ಸನ್ ಗಿಟಾರ್ ಕತ್ತರಿಸಿದ ಹಾಗೆ ಓಡುತ್ತದೆ, ಡಿಲನ್ ಪದಗಳನ್ನು ಎಸೆಯುತ್ತಾರೆ. ಇನ್ನೊಂದು, 1994ರಲ್ಲಿ ರೆಕಾರ್ಡ್ ಮಾಡಿ ಮುಂದಿನ ವರ್ಷ ತಂದ ಎಂಟಿವಿ ಅನ್‌ಪ್ಲಗ್ಡ್. ಹೆಂಡ್ರಿಕ್ಸ್ ಬಿರುಗಾಳಿಯನ್ನು ಮರದ ವಾದ್ಯಗಳಿಗೆ ಇಳಿಸಿದ ಹಾಗಿದೆ. ನನಗೆ ಇದು ಹೆಚ್ಚು ಇಷ್ಟ. ಗ್ರೇಟ್‌ಫುಲ್ ಡೆಡ್ ತಂಡದ ಜೊತೆ 1987ರಲ್ಲಿ ಹಾಡಿದ್ದು 1989ರ ಆಲ್ಬಮ್‌ನಲ್ಲಿದೆ. ಅದನ್ನು ಬಿಡಬಹುದು. ದನಿಯಲ್ಲೂ ತಾಳದಲ್ಲೂ ಜೀವ ಕಡಿಮೆ.

ಹೆಂಡ್ರಿಕ್ಸ್ ಅವರ ವೇದಿಕೆಯ ರೆಕಾರ್ಡಿಂಗ್ ಬೇಕು ಎನ್ನುವವರಿಗೆ 1970ರ ಆಗಸ್ಟ್ ಕೊನೆಯ ಐಲ್ ಆಫ್ ವೈಟ್ ಉತ್ಸವದ್ದು ಸಿಗುತ್ತದೆ. ತೀರಿಕೊಳ್ಳುವ ಸುಮಾರು ಮೂರು ವಾರದ ಹಿಂದಿನದು. ಮೂವರೇ ಇರುವುದರಿಂದ ಸ್ಟುಡಿಯೊದ ಪದರಗಳು ಇಲ್ಲ, 12 ತಂತಿಯ ಗಿಟಾರ್ ಇಲ್ಲ. ದಣಿದ ಮನುಷ್ಯನ ಗಿಟಾರ್. ಸ್ಟುಡಿಯೊ ರೆಕಾರ್ಡಿಂಗ್ ಮನಸ್ಸಿಗೆ ಹತ್ತಿದ ಮೇಲೆ ಮಾತ್ರ ಇದಕ್ಕೆ ಬನ್ನಿ.

ಉಳಿದವರಲ್ಲಿ ಯಾರು?

ನೀಲ್ ಯಂಗ್, ಖಂಡಿತ. 1992ರ ಅಕ್ಟೋಬರ್ 16ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಡಿಲನ್ ಅವರ 30 ವರ್ಷದ ಸಂಗೀತಕ್ಕೆ ಗೌರವವಾಗಿ ದೊಡ್ಡ ಕಛೇರಿ ನಡೆಯಿತು. ಯಂಗ್ ಅಲ್ಲಿ ಬುಕರ್ ಟಿ ಮತ್ತು ಎಂಜೀಸ್ ತಂಡದ ಜೊತೆ ಇದನ್ನು ಹಾಡಿದರು. ಹೆಂಡ್ರಿಕ್ಸ್ ಹಾಗೆ ಬಣ್ಣ ಬಣ್ಣದ ಸದ್ದಿಲ್ಲ. ಒಂದೇ ಒರಟು ಗಿಟಾರ್, ತುಕ್ಕು ಹಿಡಿದ ಕಬ್ಬಿಣದ ಹಾಗೆ ಉಜ್ಜುತ್ತಾ ಹೋಗುತ್ತದೆ. ಹಿಂದಿನ ತಂಡ ಗಡಿಯಾರದಷ್ಟು ಅಲುಗದೆ ನಿಂತಿದೆ. ಹೆಂಡ್ರಿಕ್ಸ್ ಆದ ಮೇಲೆ ಎಲೆಕ್ಟ್ರಿಕ್ ಗಿಟಾರಿನಲ್ಲಿ ಈ ಹಾಡಿಗೆ ಹೊಸದೇನನ್ನೋ ಕೊಟ್ಟವರು ಇವರೊಬ್ಬರೇ ಎನ್ನುವುದು ನನ್ನ ಅನಿಸಿಕೆ. ಮೂರನೆಯದಾಗಿ ಇದನ್ನು ಕೇಳಿ.

ಯು2 ತಂಡದ್ದು 1988ರ ರ್‍ಯಾಟಲ್ ಅಂಡ್ ಹಮ್‌ನಲ್ಲಿದೆ. 1987ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಚೌಕದಲ್ಲಿ ಕೊಟ್ಟ ಉಚಿತ ಕಛೇರಿಯದು. ಅವಸರದಲ್ಲಿ ಕಲಿತು ಹಾಡಿದ್ದು ಕೇಳಿದರೇ ತಿಳಿಯುತ್ತದೆ. ಉತ್ಸಾಹ ತುಂಬಾ ಇದೆ. ಆದರೆ ತಂಡದ ಗಾಯಕ ಬೋನೊ ನಡುವೆ ತಮ್ಮದೇ ಸಾಲುಗಳನ್ನು ಸೇರಿಸಿದ್ದಾರೆ. ಇಷ್ಟು ಬಿಗಿಯಾಗಿ ಹೆಣೆದ ಹನ್ನೆರಡು ಸಾಲಿಗೆ ಹದಿಮೂರನೆಯದು ಹೊಂದುವುದಿಲ್ಲ. ಪದ ಮುಖ್ಯ ಎನ್ನುವವರಿಗೆ ಇದು ಬೇಡ.

ಡೇವ್ ಮ್ಯಾಥ್ಯೂಸ್ ಬ್ಯಾಂಡ್ ಇದನ್ನು ಕಛೇರಿಗಳಲ್ಲಿ ಎಷ್ಟೋ ವರ್ಷದಿಂದ ನುಡಿಸುತ್ತಿದೆ. 1995ರ ರೆಡ್ ರಾಕ್ಸ್ ಕಛೇರಿಯ ರೆಕಾರ್ಡಿಂಗ್ ಸಿಗುತ್ತದೆ. ಪಿಸುಮಾತಿನಿಂದ ಶುರುವಾಗಿ ಕೂಗಾಗುತ್ತದೆ. ಪಿಟೀಲು, ಸ್ಯಾಕ್ಸೊಫೋನ್ ಇರುವುದರಿಂದ ಬಣ್ಣ ಬೇರೆ. ನಿಧಾನವಾಗಿ ಏರುವ ಸಂಗೀತ ಇಷ್ಟಪಡುವವರು, ಹತ್ತು ನಿಮಿಷ ಕೂರಲು ತಯಾರಿರುವವರು ಕೇಳಬಹುದು.

ಡೇವ್ ಮೇಸನ್ 1974ರಲ್ಲಿ ತಮ್ಮ ಆಲ್ಬಮ್‌ನಲ್ಲಿ ಇದನ್ನು ತಾವೇ ಹಾಡಿದರು. ಹೆಂಡ್ರಿಕ್ಸ್ ಪಕ್ಕದಲ್ಲಿ ಕುಳಿತು 12 ತಂತಿ ನುಡಿಸಿದ ಅದೇ ಮೇಸನ್. ಅಚ್ಚುಕಟ್ಟಾಗಿದೆ, ಹೆದರಿಕೆ ಇಲ್ಲ. ಇನ್ನು ಎಕ್ಸ್‌ಟಿಸಿ ತಂಡ 1978ರಲ್ಲಿ ಮಾಡಿದ್ದು ಎಲ್ಲರಿಗೂ ಅಲ್ಲ. ಪದಗಳನ್ನು ತುಂಡು ತುಂಡು ಮಾಡಿ ಉಗುಳಿದ ಹಾಗೆ ಹಾಡುತ್ತಾರೆ. ನನಗೆ ಒಂದು ಸಲಕ್ಕೆ ಸಾಕಾಯಿತು.

ಸಿತಾರ್ ನಾದ ಬೇಕೆನ್ನುವವರಿಗೆ ಒಂದಿದೆ. ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ಎಂಬ ಟಿವಿ ಧಾರಾವಾಹಿಗೆ ಬೇರ್ ಮೆಕ್ರೀರಿ 2007ರಲ್ಲಿ ಮಾಡಿದ್ದು. ಎಲೆಕ್ಟ್ರಿಕ್ ಸಿತಾರ್, ಹಾರ್ಮೋನಿಯಂ, ಅರ್ಮೇನಿಯದ ದುದುಕ್ ಎಂಬ ಊದುವ ವಾದ್ಯ ಎಲ್ಲ ಸೇರಿಸಿ ಕಟ್ಟಿದ್ದಾರೆ. ಪದಗಳು ಹಿಂದೆ ಸರಿದು, ಎಲ್ಲಿಂದಲೋ ಕರೆ ಬಂದ ಹಾಗಿರುವ ಆ ಸದ್ದು ಮುಂದೆ ಬರುತ್ತದೆ. ಧಾರಾವಾಹಿ ನೋಡದವರಿಗೂ ಇದು ತಟ್ಟುತ್ತದೆ. ನನ್ನ ಪಟ್ಟಿಯಲ್ಲಿ ಇದು ನಾಲ್ಕನೆಯದು.

ನೀವೇ ನುಡಿಸಬೇಕೆಂದಿದ್ದರೆ

ಕಲಿಯುವವರು ಹೆಚ್ಚಾಗಿ ಹೆಂಡ್ರಿಕ್ಸ್ ಸೋಲೊದಿಂದ ಶುರು ಮಾಡಿ ಎರಡು ವಾರದಲ್ಲಿ ಕೈ ಚೆಲ್ಲುತ್ತಾರೆ. ಡಿಲನ್‌ನಿಂದ ಶುರು ಮಾಡಿ. ನಾಲ್ಕನೇ ಫ್ರೆಟ್‌ಗೆ ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಎ ಮೈನರ್, ಜಿ, ಎಫ್, ಮತ್ತೆ ಜಿ. ಇಡೀ ಹಾಡು ಇಷ್ಟೇ. ಎಡಗೈಗೆ ಕೆಲಸ ಕಡಿಮೆ, ಆದ್ದರಿಂದ ಬಲಗೈ ತಾಳ ಕಲಿಯುತ್ತದೆ. ಅದು ಕೂತ ಮೇಲೆ ಗಿಟಾರನ್ನು ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿಕೊಂಡು, ಕೇಪೊ ತೆಗೆದು, ಸಿ ಶಾರ್ಪ್ ಮೈನರ್ ಬಾರ್ ಕಾರ್ಡ್‌ನಿಂದ ಹೆಂಡ್ರಿಕ್ಸ್ ದಾರಿ ಹಿಡಿಯಿರಿ. ಒಬ್ಬರೇ, ಒಂದೇ ಅಕೌಸ್ಟಿಕ್ ಗಿಟಾರಿನಲ್ಲಿ ಎಷ್ಟು ದೂರ ಹೋಗಬಹುದು ಎಂದು ನೋಡಲು ಮೈಕಲ್ ಹೆಜಸ್ 1987ರ ಲೈವ್ ಆಲ್ಬಮ್‌ನಲ್ಲಿ ನುಡಿಸಿದ್ದನ್ನು ಕೇಳಿ. ಗಿಟಾರಿನ ಮೈಯನ್ನೇ ಮದ್ದಳೆ ಮಾಡಿಕೊಂಡು ನುಡಿಸುತ್ತಾರೆ.

ಗೆಳೆಯರ ನಡುವೆ ಹಾಡುವಾಗ ಒಂದು ತೊಂದರೆ ಬರುತ್ತದೆ. ಪಲ್ಲವಿ ಇಲ್ಲದ್ದರಿಂದ ಹಾಡು ಮುಗಿಯಿತು ಅಂತ ಯಾರಿಗೂ ತಿಳಿಯುವುದಿಲ್ಲ. ಗಾಳಿಯ ಸಾಲಿನ ಮೇಲೆ ಎಲ್ಲರೂ ಮುಖ ನೋಡುತ್ತಾರೆ. ಆಗ ನಿಲ್ಲಿಸಬೇಡಿ, ಮೊದಲ ಚರಣಕ್ಕೆ ಹಿಂದಿರುಗಿ. ಡಿಲನ್ ಕೂಡ ಎಷ್ಟೋ ಕಛೇರಿಗಳಲ್ಲಿ ಹಾಗೇ ಮಾಡಿದ್ದಾರೆ. ಸವಾರರು ಕೋಟೆ ತಲುಪಿದ ಕೂಡಲೇ ಕೋಡಂಗಿ ಮತ್ತೆ ಬಾಯಿ ತೆರೆಯುತ್ತಾನೆ, ಇಲ್ಲಿಂದ ಹೊರಗೆ ಹೋಗುವ ದಾರಿ ಕೇಳುತ್ತಾನೆ.